ಗುಡ್ಡದ ಕಾಲುದಾರಿ ಕೊಚ್ಚಿಹೋಗದಿರಲಿ

ಚಾರಣಿಗರು, ಓಟಗಾರರು, ಸೈಕಲ್ ಸವಾರರು ಬರುವ ಊರಿನ ರೈತರಿಗೆ ಕೆಲವು ಸಲಹೆಗಳು



ನಿಮ್ಮ ಊರಿನಿಂದ ಗುಡ್ಡಕ್ಕೆ ಹೋಗುವ ಕಾಲುದಾರಿಯನ್ನು ಮಾಡಿದವರು ಯಾರು? ಯಾವ ಇಲಾಖೆಯೂ ಅಲ್ಲ, ಯಾವ ಕಂಟ್ರಾಕ್ಟರನೂ ಅಲ್ಲ. ಸೊಪ್ಪಿನ ಹೊರೆ ಹೊತ್ತವರು, ದನ ಹೊಡೆದುಕೊಂಡು ಹೋದವರು, ಘಟ್ಟದ ಕೆಳಗಿನಿಂದ ಉಪ್ಪು ತಂದು ಮೇಲಿನಿಂದ ಅಕ್ಕಿ ಅಡಿಕೆ ಒಯ್ದವರು, ಜಾತ್ರೆಗೆ ನಡೆದವರು, ಇವರೆಲ್ಲರ ಕಾಲೇ ಆ ದಾರಿಯನ್ನು ಸವೆಸಿ ಮಾಡಿತು. ಮೋಟಾರು ರಸ್ತೆ ಬಂದ ಮೇಲೆ ನಾವು ಅದನ್ನು ಮರೆತೆವು. ಈಗ ಪೇಟೆಯವರು ಅದನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆಯ ಮೇಲೆ ಹಾದು 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಹೋಗುವ ದಾರಿ, ಕಳಸದ ಕಡೆಯ ಮುಳ್ಳೋಡಿಯಿಂದ ಕುದುರೆಮುಖ ಶಿಖರಕ್ಕೆ ಏರುವ ದಾರಿ, ಕೊಡಗಿನ ತಡಿಯಂಡಮೋಳ್, ನಾಗೋಡಿಯ ಕಡೆಯಿಂದ ಕೊಡಚಾದ್ರಿ, ಬಂಡಾಜೆ ಅಬ್ಬಿಯಿಂದ ಬಲ್ಲಾಳರಾಯನ ದುರ್ಗ, ಇವೆಲ್ಲ ಈಗ ಬೆಂಗಳೂರಿನ ಹುಡುಗರ ಬಾಯಲ್ಲಿವೆ. ನಡೆಯುವವರು ಮಾತ್ರವಲ್ಲ, ಓಡುವವರೂ ಬರುತ್ತಾರೆ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಮಣ್ಣುದಾರಿಯಲ್ಲಿ 2016ರಲ್ಲಿ ಆರಂಭವಾದ ‘ಮಲ್ನಾಡ್ ಅಲ್ಟ್ರಾ’ ಓಟದಲ್ಲಿ 50 ಕಿ.ಮೀ. ಮತ್ತು ಅದಕ್ಕೂ ಹೆಚ್ಚು ದೂರ ಓಡುವವರಿದ್ದಾರೆ. ದಪ್ಪ ಟಯರಿನ ಗುಡ್ಡದ ಸೈಕಲ್ ತಂದು ಗಾಡಿದಾರಿಯಲ್ಲಿ ಇಳಿಯುವವರೂ ಇದ್ದಾರೆ.

ಇದರಿಂದ ಊರಿಗೆ ನಾಲ್ಕು ಕಾಸು ಬರುತ್ತದೆ ಎಂಬುದು ನಿಜ. ಆದರೆ ದಾರಿ ಹಾದುಹೋಗುವುದು ನಿಮ್ಮ ಗದ್ದೆಯ ಅಂಚಿನಲ್ಲಿ, ನಿಮ್ಮ ತೋಟದ ಬೇಲಿಯ ಪಕ್ಕದಲ್ಲಿ. ದಾರಿ ಕೊರೆದರೆ ಹೋಗುವುದು ನಿಮ್ಮ ಮಣ್ಣು. ಬೆಂಕಿ ಬಿದ್ದರೆ ಉರಿಯುವುದು ನಿಮ್ಮ ಸೊಪ್ಪಿನ ಬೆಟ್ಟ. ಆದ್ದರಿಂದ ಈ ವಿಷಯವನ್ನು ಪ್ರವಾಸದ ಮಾತೆಂದು ತಳ್ಳಿಹಾಕದೆ ಬೇಸಾಯದ ಮಾತೆಂದೇ ತಿಳಿಯಬೇಕು.

ದಾರಿ ಹಳ್ಳವಾಗುವುದು ಹೇಗೆ?

ಹುಲ್ಲು ಬೆಳೆದ ನೆಲ ಮಳೆನೀರನ್ನು ಕುಡಿಯುತ್ತದೆ. ಅದೇ ನೆಲದ ಮೇಲೆ ನೂರಾರು ಕಾಲು ಓಡಾಡಿದರೆ ಮೊದಲು ಹುಲ್ಲು ಸಾಯುತ್ತದೆ, ಆಮೇಲೆ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿ ನೆಲದಲ್ಲಿ ನೀರು ಇಂಗುವುದಿಲ್ಲ, ಹರಿಯುತ್ತದೆ. ನೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ದಾರಿಯ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಅದರ ಮೇಲೆ ಬೀಳುವ ನೀರೇ 10,000 ಲೀಟರ್. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಮೇಲಿನ ಇಳಿಜಾರಿನ ನೀರು ಬೇರೆ ಬಂದು ಸೇರುತ್ತದೆ. ಈ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ.

ಒಮ್ಮೆ ಕೊರೆದ ದಾರಿಯಲ್ಲಿ ನಡೆಯಲು ತೊಂದರೆಯಾಗುತ್ತದೆ. ಬಂದವರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲಿಯೂ ಹುಲ್ಲು ಸತ್ತು ಇನ್ನೊಂದು ಕೊರಕಲು ಬೀಳುತ್ತದೆ. ಒಂದು ದಾರಿ ಎರಡಾಗಿ, ಎರಡು ನಾಲ್ಕಾಗಿ, ಗುಡ್ಡದ ಮೈ ಪರಚಿದಂತೆ ಕಾಣುವುದು ಹೀಗೆ. ತಿರುವು ಬಳಸದೆ ನೇರವಾಗಿ ಇಳಿಯುವ ಅಡ್ಡದಾರಿಗಳಂತೂ ಇನ್ನೂ ಬೇಗ ಕೊರೆಯುತ್ತವೆ.

ಎಷ್ಟು ಮಣ್ಣು ಹೋಯಿತೆಂದು ನೀವೇ ಅಳೆದು ನೋಡಬಹುದು. ದಾರಿ ಮೂರು ಅಡಿ ಅಗಲ, ಒಂದು ಅಡಿ ಆಳ ಕೊರೆದಿದ್ದರೆ, 330 ಅಡಿ ಉದ್ದಕ್ಕೆ 990 ಘನ ಅಡಿ ಮಣ್ಣು ಹೋಗಿದೆ. ಎಂದರೆ ಹತ್ತಿರ ಹತ್ತು ಬ್ರಾಸ್, ತೂಕದಲ್ಲಿ ಸುಮಾರು 35 ಟನ್. ಆ ಮಣ್ಣು ಎಲ್ಲಿ ಹೋಯಿತು? ಕೆಳಗಿನ ಕೆರೆಯ ಹೂಳಾಯಿತು, ಇಲ್ಲವೆ ಗದ್ದೆಯಲ್ಲಿ ಮರಳುಜಲ್ಲಿಯಾಗಿ ಹರಡಿತು. ತೋಟದ ಬಸಿಗಾಲುವೆ ಕಟ್ಟಿಕೊಂಡು ಅಡಿಕೆ ಗಿಡದ ಬೇರಿನಲ್ಲಿ ನೀರು ನಿಲ್ಲುವುದಕ್ಕೂ ಇದೇ ಕಾರಣವಾಗಬಹುದು. ಬಸಿಗಾಲುವೆ ಮತ್ತೆ ಮತ್ತೆ ತುಂಬುತ್ತಿದ್ದರೆ ಒಮ್ಮೆ ಮೇಲಿನ ಕಾಲುದಾರಿಯನ್ನು ಹತ್ತಿ ನೋಡಿ ಬನ್ನಿ.

ನೀರನ್ನು ದಾರಿಯಿಂದ ಇಳಿಸಿ

ದಾರಿ ರಿಪೇರಿ ಎಂದರೆ ಕೊರಕಲಿಗೆ ಮಣ್ಣು ತುಂಬುವುದಲ್ಲ. ತುಂಬಿದ ಸಡಿಲ ಮಣ್ಣು ಮೊದಲ ಮಳೆಗೇ ಹೋಗುತ್ತದೆ. ನೀರು ದಾರಿಯ ಮೇಲೆ ದೂರ ಓಡದಂತೆ ಅಲ್ಲಲ್ಲಿ ಪಕ್ಕಕ್ಕೆ ಇಳಿಸುವುದೇ ನಿಜವಾದ ರಿಪೇರಿ. ಹೊಲದ ಬದುವಿಗೆ ಅನ್ವಯಿಸುವ ಲೆಕ್ಕವೇ ಇಲ್ಲಿಯೂ ಅನ್ವಯಿಸುತ್ತದೆ. ಓಡುವ ನೀರನ್ನು ನಡೆಯುವಂತೆ ಮಾಡಬೇಕು.

1. ಅಡ್ಡಗಟ್ಟು: ಒಂದು ಗಟ್ಟಿ ದಿಮ್ಮಿ ಅಥವಾ ಚಪ್ಪಟೆ ಕಲ್ಲಿನ ಸಾಲನ್ನು ದಾರಿಗೆ ಅಡ್ಡಲಾಗಿ ಹೂಳಬೇಕು. ಪೂರ್ತಿ ಅಡ್ಡವಾಗಿ ಇಟ್ಟರೆ ನೀರು ಅಲ್ಲೇ ನಿಂತು, ಹೂಳು ತುಂಬಿ, ಮೇಲೆ ಹರಿಯುತ್ತದೆ. ಓರೆಯಾಗಿ ಇಡಿ. ಇಳಿಜಾರಿನ ಕಡೆಯ ತುದಿ ಕೆಳಗಿರಲಿ. ದಿಮ್ಮಿಯ ಮೂರರಲ್ಲಿ ಎರಡು ಪಾಲು ನೆಲದೊಳಗಿರಬೇಕು. ನೀರು ಹೊರಬೀಳುವ ಜಾಗದಲ್ಲಿ ಕಲ್ಲು ಹಾಸಿ, ಇಲ್ಲವಾದರೆ ಅಲ್ಲೊಂದು ಹೊಸ ಕೊರಕಲು ಹುಟ್ಟುತ್ತದೆ. ಹೊರಬಿದ್ದ ನೀರು ಯಾರದೋ ಗದ್ದೆಗೆ ನುಗ್ಗದಂತೆ ಮೊದಲೇ ನೋಡಿಕೊಳ್ಳಬೇಕು.

2. ಅಂತರ: ನೂರು ಅಡಿ ನಡೆದರೆ ಐದು ಅಡಿ ಏರುವ ದಾರಿಯಲ್ಲಿ ಸುಮಾರು 130 ಅಡಿಗೆ ಒಂದು ಅಡ್ಡಗಟ್ಟು, ಹತ್ತು ಅಡಿ ಏರುವಲ್ಲಿ 80 ಅಡಿಗೆ ಒಂದು, ಇಪ್ಪತ್ತು ಅಡಿ ಏರುವಲ್ಲಿ 45 ಅಡಿಗೆ ಒಂದು, ಇದು ಸಾಮಾನ್ಯ ಲೆಕ್ಕ. ಘಟ್ಟದ ಅಂಚಿನ ಜಡಿಮಳೆಗೆ ಇದಕ್ಕಿಂತ ಹತ್ತಿರ ಹತ್ತಿರ ಇರಬೇಕು.

3. ಸೈಕಲ್ ಬರುವ ದಾರಿಯಲ್ಲಿ: ದಿಮ್ಮಿ, ಕಲ್ಲು ಬೇಡ. ಒದ್ದೆಯಾದ ದಿಮ್ಮಿಯ ಮೇಲೆ ಚಕ್ರ ಜಾರಿ ಸವಾರ ಬೀಳುತ್ತಾನೆ. ಅಲ್ಲಿ ಹತ್ತಾರು ಅಡಿ ಉದ್ದದ ಮೆಲುವಾದ ತಗ್ಗು, ಅದರ ಮುಂದೆ ಮೆಲುವಾದ ದಿಬ್ಬ ಮಾಡಿ. ನೀರು ತಗ್ಗಿನಿಂದ ಪಕ್ಕಕ್ಕೆ ಇಳಿಯುತ್ತದೆ, ಸೈಕಲ್ ಅದರ ಮೇಲೆ ಹಾಯುತ್ತದೆ. ಎತ್ತಿನ ಗಾಡಿಗೂ ಟ್ರಾಕ್ಟರಿಗೂ ಇದೇ ಒಳ್ಳೆಯದು.

4. ದಾರಿಯ ಮೈ: ದಾರಿಯನ್ನು ತಟ್ಟೆಯಂತೆ ಮಾಡಬೇಡಿ. ಗುಡ್ಡದ ಕಡೆಯಿಂದ ಕಣಿವೆಯ ಕಡೆಗೆ ಸ್ವಲ್ಪ ವಾಲಿರಲಿ. ಮೂರು ಅಡಿ ಅಗಲಕ್ಕೆ ಎರಡು ಅಂಗುಲ ವಾಲಿದರೆ ಸಾಕು. ಅಂಚಿನಲ್ಲಿ ಮಣ್ಣಿನ ದಿಂಡು ಕಟ್ಟಿಕೊಂಡಿದ್ದರೆ ಗುದ್ದಲಿಯಿಂದ ಒಡೆಯಿರಿ.

5. ಲಾವಂಚ: ಕುಸಿಯುವ ಅಂಚಿಗೆ ಲಾವಂಚದಂಥ ಕಾವಲುಗಾರ ಇನ್ನೊಂದಿಲ್ಲ. ಇದರ ಬೇರು ಅಡ್ಡ ಹರಡದೆ ನೇರವಾಗಿ ಆಳಕ್ಕೆ ಇಳಿಯುತ್ತದೆ. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಎಲ್ಲೆಗೆ ಇದನ್ನು ಬಹುಕಾಲದಿಂದ ನೆಡುತ್ತ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಬೇರೆ ದೇಶಗಳಿಗೂ ಇದನ್ನು ಹೇಳಿಕೊಟ್ಟರು. ಮುಂಗಾರು ಹಿಡಿದ ಕೂಡಲೆ ಬುಡ ಒಡೆದು, ಎರಡು ಮೂರು ಕಡ್ಡಿಯ ಸಸಿಗಳನ್ನು ನಾಲ್ಕರಿಂದ ಆರು ಅಂಗುಲ ಅಂತರದಲ್ಲಿ ಒಂದೇ ಸಾಲಾಗಿ ನೆಡಿ. ಅಂತರ ಹೆಚ್ಚಾದರೆ ನಡುವೆ ನೀರು ನುಗ್ಗುತ್ತದೆ. ಇದು ಊರಿನ ದಾರಿಗೆ ಹೇಳಿದ ಮಾತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಅಪ್ಪಣೆಯಿಲ್ಲದೆ ಏನನ್ನೂ ನೆಡಬಾರದು, ಅಗೆಯಬಾರದು.

ಹೊಸ ದಾರಿ ಗುರುತಿಸುವ ಸುಲಭ ವಿಧಾನ

ಹಳೆಯ ದಾರಿ ತೀರಾ ಕೆಟ್ಟಿದ್ದರೆ ಅದನ್ನು ಮುಳ್ಳು ಹಾಕಿ ಮುಚ್ಚಿ, ಹುಲ್ಲು ಬೆಳೆಯಲು ಬಿಟ್ಟು, ಪಕ್ಕದಲ್ಲಿ ಮೆಲ್ಲಗೆ ಏರುವ ಹೊಸ ದಾರಿ ತೆಗೆಯುವುದೇ ಜಾಣತನ. ನೂರು ಅಡಿಗೆ ಹತ್ತು ಅಡಿಗಿಂತ ಹೆಚ್ಚು ಏರದಂತೆ ನೋಡಿಕೊಂಡರೆ ಸಾಕು. ಹಾಗೆಯೇ, ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ನೀರು ದಾರಿಯನ್ನು ದಾಟಿ ಹೋಗದೆ ದಾರಿಯ ಮೇಲೆಯೇ ಇಳಿಯುತ್ತದೆ.

ಇದನ್ನು ಅಳೆಯಲು ಸರ್ವೇಯರ್ ಬೇಕಿಲ್ಲ. ಎರಡು ಗಳುಗಳ ತುದಿ ಸೇರಿಸಿ ಕಟ್ಟಿ, ಕೆಳಗೆ ಕಾಲುಗಳ ನಡುವೆ ಆರು ಅಡಿ ಅಂತರ ಬಿಟ್ಟು, ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ದಾರ ಇಳಿಬಿಟ್ಟು ಕಲ್ಲು ಕಟ್ಟಿ. ಚೌಕಟ್ಟನ್ನು ನಿಲ್ಲಿಸಿ ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿ. ಅದೇ ಜಾಗದಲ್ಲಿ ಕಾಲುಗಳನ್ನು ಅದಲು ಬದಲು ಮಾಡಿ ನಿಲ್ಲಿಸಿ ಮತ್ತೆ ಗುರುತು ಮಾಡಿ. ಎರಡು ಗುರುತುಗಳ ನಟ್ಟನಡುವೆ ಮಟ್ಟದ ಗುರುತು. ಇನ್ನು ಒಂದು ಕಾಲಿನ ಅಡಿಗೆ ಏಳು ಅಂಗುಲದ ಮರದ ತುಂಡು ಬಿಗಿಯಿರಿ. ತುಂಡು ಇರುವ ಕಾಲು ಯಾವಾಗಲೂ ದಾರಿಯ ಕೆಳಗಿನ ಕಡೆ ಇರಲಿ. ದಾರ ಮಟ್ಟದ ಗುರುತಿನ ಮೇಲೆ ನಿಂತರೆ ಹತ್ತಕ್ಕೆ ಒಂದರ ಏರು ಸಿಕ್ಕಿತು. ಅಲ್ಲಲ್ಲಿ ಗೂಟ ಹೊಡೆಯುತ್ತ ಹೋಗಿ. ಹೊಲದ ಸಮಪಾತಳಿ ಬದು ಗುರುತಿಸಲು ಇದೇ ಚೌಕಟ್ಟನ್ನು ತುಂಡು ತೆಗೆದು ಬಳಸಬಹುದು.

ಈ ಕೆಲಸಕ್ಕೆ ತಕ್ಕ ಕಾಲ ಮೇ ತಿಂಗಳು. ಮೊದಲ ಮಳೆಗೆ ಮಣ್ಣು ಕೂರುತ್ತದೆ. ಜೋರು ಮಳೆಯ ದಿನ ಕೊಡೆ ಹಿಡಿದು ಒಮ್ಮೆ ಹೋಗಿ ನೋಡಿದರೆ ನೀರು ಎಲ್ಲಿ ತಪ್ಪಿಸಿಕೊಳ್ಳುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಡ್ಡಗಟ್ಟಿನ ಹಿಂದೆ ತುಂಬಿದ ಹೂಳನ್ನು ವರ್ಷಕ್ಕೆ ಎರಡು ಸಲವಾದರೂ ತೆಗೆಯಬೇಕು.

ದಾರಿ ಯಾರದು?

ಎರಡು ಬಗೆಯ ದಾರಿಗಳಿವೆ. ಗ್ರಾಮ ನಕಾಶೆಯಲ್ಲಿ ಕಂಡ ದಾರಿ ಒಂದು. ನಕಾಶೆಯಲ್ಲಿ ಜೋಡಿ ಚುಕ್ಕೆಸಾಲು ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಸಾಲು ಇದ್ದರೆ ಕಾಲುದಾರಿ. ಇದನ್ನು ಯಾರೂ ಬೇಲಿ ಹಾಕಿ ಮುಚ್ಚುವಂತಿಲ್ಲ. ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಚಾರಣಿಗರಿಗಿಂತ ಮೊದಲು ಇದು ನಿಮಗೇ ಬೇಕಾದ ದಾರಿ. ಹಿಂದಿನ ಜಮೀನಿನವನು ಗೊಬ್ಬರ ಒಯ್ಯಲು, ಫಸಲು ತರಲು ದಾರಿಯಿಲ್ಲದೆ ಎಷ್ಟು ಊರುಗಳಲ್ಲಿ ಅಣ್ಣ ತಮ್ಮಂದಿರು ಮಾತು ಬಿಟ್ಟಿಲ್ಲ? ಗ್ರಾಮ ನಕಾಶೆಯ ಪ್ರತಿಯನ್ನು ತಂದು ವಾಚನಾಲಯದ ಗೋಡೆಗೆ ತೂಗುಹಾಕಿದರೆ ಅರ್ಧ ಜಗಳ ಅಲ್ಲಿಯೇ ತೀರುತ್ತದೆ.

ಇನ್ನೊಂದು, ನಿಮ್ಮ ಖಾಸಗಿ ಜಮೀನಿನ ಮೇಲೆ ರೂಢಿಯಲ್ಲಿ ನಡೆದುಬಂದ ದಾರಿ. 20 ವರ್ಷ ಯಾರ ತಡೆಯೂ ಇಲ್ಲದೆ, ಬಹಿರಂಗವಾಗಿ, ತನ್ನ ಹಕ್ಕೆಂದೇ ಒಬ್ಬ ನಡೆದಿದ್ದರೆ ಅವನಿಗೆ ಆ ದಾರಿಯ ಹಕ್ಕು ಬರುತ್ತದೆ ಎಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. ಸರ್ಕಾರಿ ಜಮೀನಾದರೆ ಈ ಅವಧಿ 30 ವರ್ಷ. ಆದರೆ ಒಡೆಯನ ಒಪ್ಪಿಗೆ ಪಡೆದು ನಡೆದದ್ದು ಹಕ್ಕಾಗುವುದಿಲ್ಲ. ಆದ್ದರಿಂದ ನಿಮ್ಮ ತೋಟದಲ್ಲಿ ಓಟದ ಸ್ಪರ್ಧೆ ನಡೆಸಲು, ಸೈಕಲ್ ಓಡಿಸಲು ಯಾರಾದರೂ ಕೇಳಿದರೆ ಬಾಯಿಮಾತಿನಲ್ಲಿ ಒಪ್ಪಬೇಡಿ. ಯಾವ ದಿನ, ಯಾವ ದಾರಿ, ಎಷ್ಟು ಜನ, ಹಾನಿಯಾದರೆ ಯಾರು ಹೊಣೆ, ಕಟ್ಟಿದ ಬಣ್ಣದ ಪಟ್ಟಿಗಳನ್ನು ಯಾವಾಗ ಬಿಚ್ಚಿ ಒಯ್ಯುತ್ತಾರೆ ಎಂಬುದೆಲ್ಲ ಕಾಗದದಲ್ಲಿರಲಿ. ಕಾಫಿ ಕೊಯಿಲು, ಅಡಿಕೆ ಕೊಯಿಲಿನ ದಿನಗಳನ್ನು ತಪ್ಪಿಸಿ ದಿನ ಕೊಡಿ.

ಕಾಡಿನ ದಾರಿಯ ಮಾತು ಬೇರೆ. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾರನ್ನೂ ಕರೆದೊಯ್ಯುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದಾಗ, ಆನ್‌ಲೈನ್ ಬುಕಿಂಗ್ ಇಲ್ಲದ ದಾರಿಗಳಲ್ಲಿ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆಮೇಲೆ ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿ, ಆನ್‌ಲೈನಿನಲ್ಲಿ ಹೆಸರು ನೋಂದಾಯಿಸುವ ಏರ್ಪಾಡು ಮಾಡಿತು. ‘ಕಳ್ಳದಾರಿಯಲ್ಲಿ ಕರೆದುಕೊಂಡು ಹೋಗಿ, ಹೆಚ್ಚು ಕೊಡುತ್ತೇವೆ’ ಎನ್ನುವವರು ಬಂದೇ ಬರುತ್ತಾರೆ. ಅವರು ಮರುದಿನ ಬಸ್ಸು ಹತ್ತುತ್ತಾರೆ. ಕೇಸು ಉಳಿಯುವುದು ಊರಿನ ಹುಡುಗನ ಮೇಲೆ ಎಂಬುದನ್ನು ಮರೆಯಬಾರದು.

ಬೇಲಿ, ತಡಮೆ, ಬಾವಿ

ಬಂದವರು ದಣಪೆ ತೆಗೆದು ಹಾಗೆಯೇ ಬಿಟ್ಟು ಹೋದರು, ದನ ನುಗ್ಗಿ ಸಸಿಮಡಿ ಮೇಯಿತು ಎಂಬ ದೂರು ಸಾಮಾನ್ಯ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ತಡಮೆ. ಮನುಷ್ಯ ಕಾಲೆತ್ತಿ ದಾಟಬಲ್ಲ, ದನ ದಾಟಲಾರದು. ತೆಗೆಯುವ ಮುಚ್ಚುವ ಗೋಜೇ ಇಲ್ಲ. ಕಾಲುದಾರಿ ಬೇಲಿಯನ್ನು ದಾಟುವಲ್ಲೆಲ್ಲ ಒಂದೊಂದು ತಡಮೆ ಕಟ್ಟಿ. ಹಳ್ಳ ದಾಟುವಲ್ಲಿ ಕಾಲುಸಂಕ ಭದ್ರವಾಗಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ನೋಡಿ. ಶಾಲೆಗೆ ಹೋಗುವ ನಿಮ್ಮ ಮಕ್ಕಳೇ ಅದನ್ನು ಮೊದಲು ದಾಟುವವರು.

ದಾರಿಯ ಪಕ್ಕದ ತೆರೆದ ಬಾವಿಗೆ ಕಟ್ಟೆ ಕಟ್ಟಿ. ಓಟಗಾರರು ನಸುಕಿನಲ್ಲಿ, ಕತ್ತಲಲ್ಲಿ ತಲೆಗೆ ದೀಪ ಕಟ್ಟಿಕೊಂಡು ಓಡುವುದುಂಟು. ಹಂದಿ ಕಾಟ ತಡೆಯಲು ಕರೆಂಟಿನ ಲೈನಿನಿಂದಲೇ ಬೇಲಿಗೆ ತಂತಿ ಎಳೆಯುವುದು ಅಪರಾಧ, ಜೀವಕ್ಕೂ ಅಪಾಯ. ಸತ್ತವನು ಹೊರಗಿನವನೇ ಆಗಬೇಕೆಂದಿಲ್ಲ, ನಿಮ್ಮ ಮನೆಯವರೇ ಆಗಬಹುದು. ಸೋಲಾರ್ ಬೇಲಿ ಇದ್ದಲ್ಲಿ ಎದ್ದು ಕಾಣುವಂತೆ ಹಲಗೆ ಹಾಕಿ.

ಬೆಂಕಿ ಮತ್ತು ಉಣ್ಣಿ

ಜನವರಿಯಿಂದ ಏಪ್ರಿಲ್‌ವರೆಗೆ ಗುಡ್ಡದ ಹುಲ್ಲು, ದರಕು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು, ಕಲ್ಲು ಹೂಡಿ ಚಾ ಕಾಸಿದ ಒಂದು ಒಲೆ ಸಾಕು. ಈ ತಿಂಗಳುಗಳಲ್ಲಿ ದಾರಿಯ ಅಂಚಿನ ದರಕನ್ನು ಗುಡಿಸಿ ಕೊಟ್ಟಿಗೆಗೆ ತನ್ನಿ. ಬೆಂಕಿಗೆ ದಾರಿ ತಪ್ಪುತ್ತದೆ, ಗೊಬ್ಬರಕ್ಕೂ ಆಗುತ್ತದೆ. ಬೆಂಕಿ ಹಾಕಲು ಯಾರಿಗೂ ಬಿಡಬೇಡಿ.

ಮಂಗನ ಕಾಯಿಲೆಯನ್ನು ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಈ ರೋಗ ಕಾಡಿನ ಉಣ್ಣಿಯ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ಇದರ ಕಾಟ ಹೆಚ್ಚು. ಚಾರಣಕ್ಕೆ ಬರುವವರ ಹಂಗಾಮೂ ಅದೇ. ಅವರಿಗೆ ಇದರ ಸುಳಿವೇ ಇರುವುದಿಲ್ಲ, ತಿಳಿಸುವುದು ನಿಮ್ಮ ಕರ್ತವ್ಯ. ಉದ್ದ ತೋಳು, ಉದ್ದ ಕಾಲಿನ ಬಟ್ಟೆ ತೊಡಬೇಕು. ದರಕಿನ ಮೇಲೆ ಕೂರಬಾರದು, ಮಲಗಬಾರದು. ಉಣ್ಣಿ ತಡೆಯುವ ಎಣ್ಣೆ ಹಚ್ಚಬೇಕು. ಮರಳಿದ ಕೂಡಲೆ ಬಿಸಿನೀರು, ಸಾಬೂನಿನಲ್ಲಿ ಸ್ನಾನ ಮಾಡಿ ಮೈ ನೋಡಿಕೊಳ್ಳಬೇಕು. ಮಂಗ ಸತ್ತು ಬಿದ್ದಿದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ದಾರಿಯಲ್ಲಿ ಜನರನ್ನು ಬಿಡಬೇಡಿ. ಕಾಡಿಗೆ ಹೋಗಿ ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಡಾಕ್ಟರಲ್ಲಿಗೆ ಹೋಗಬೇಕು, ಕಾಡಿಗೆ ಹೋಗಿದ್ದನ್ನು ಹೇಳಬೇಕು. ಇಂಬಳದ ಕಡಿತಕ್ಕೆ ಮಾತ್ರ ಹೆದರಬೇಕಾಗಿಲ್ಲವೆಂದೂ ಅವರಿಗೆ ಹೇಳಿ.

ಸಂಪಾದನೆ ಎಷ್ಟು, ಹೇಗೆ?

ಊಟ, ವಸತಿ, ಜೀಪು, ದಾರಿ ತೋರಿಸುವ ಕೆಲಸ, ಈ ನಾಲ್ಕರಿಂದ ಗುಡ್ಡದ ಬುಡದ ಊರುಗಳಿಗೆ ಹಣ ಬರುತ್ತದೆ. ಗಿರಿಗದ್ದೆಯಲ್ಲಿ ಕೃಷಿಕರ ಮನೆಯೊಂದರ ಅನ್ನ ಸಾರು ಮಜ್ಜಿಗೆಯನ್ನು ಕುಮಾರಪರ್ವತ ಹತ್ತಿದವರು ಊರಿಗೆ ಹೋದ ಮೇಲೂ ನೆನೆಯುತ್ತಾರೆ. ಪೇಟೆಯ ತಿಂಡಿಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನಿಮ್ಮಲ್ಲಿ ಬೆಳೆದದ್ದನ್ನೇ ಬಡಿಸಿ. ಕಾಳುಮೆಣಸು, ಜೇನು, ಕೋಕಂ, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ದಲ್ಲಾಳಿಯ ಕೈಗೆ ಹೋಗದೆ ಮನೆಯ ಜಗಲಿಯಲ್ಲೇ ಮಾರಬಹುದು. ಇದೇ ದೊಡ್ಡ ಲಾಭ.

ಮನೆಯಲ್ಲಿ ತಂಗಿಸುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಿ. ಬಂದವರ ಹೆಸರು, ವಿಳಾಸ ಬರೆದಿಡಿ. ವಿದೇಶಿಯರಾದರೆ ಪೊಲೀಸರಿಗೆ ತಿಳಿಸುವ ನಿಯಮವಿದೆ. ಪ್ಲಾಸ್ಟಿಕ್ ಬಾಟಲಿಯ ನೀರು ಮಾರುವುದಕ್ಕಿಂತ ಕಾಸಿ ಆರಿಸಿದ ನೀರು ಕೊಟ್ಟು ಅವರ ಬಾಟಲಿ ತುಂಬಿಸಿ. ಮೇಲೆ ಒಯ್ದ ಕಸವನ್ನು ಕೆಳಗೆ ತರಲೇಬೇಕೆಂದು ಹತ್ತುವ ಮೊದಲೇ ಖಡಾಖಂಡಿತವಾಗಿ ಹೇಳಿ. ಬಿಸಾಡಿದ ಪ್ಲಾಸ್ಟಿಕ್ ಚೀಲ ತಿನ್ನುವುದು ನಿಮ್ಮ ಹಸು.

ಆದರೆ ಒಂದು ಮಾತು. ಈ ಸಂಪಾದನೆ ಹಂಗಾಮಿನದು. ಮಳೆ, ಬೆಂಕಿ, ರೋಗ, ಸರ್ಕಾರದ ಒಂದು ಆದೇಶ, ಯಾವುದು ಬಂದರೂ ನಿಲ್ಲುತ್ತದೆ. ಇದನ್ನು ನಂಬಿ ಗದ್ದೆ ಹಾಳುಬಿಡುವುದು, ಸಾಲ ಮಾಡಿ ಕೋಣೆ ಕಟ್ಟುವುದು ಸಲ್ಲದು. ಕೃಷಿಯ ಜೊತೆಗೆ ಇದು ಉಪಕಸುಬಾಗಿ ಇರಲಿ, ಜೇನು ಹೈನಿನ ಹಾಗೆ.

ಊರು ಕೂಡಿ ಮಾಡುವ ಕೆಲಸ

ದಾರಿಯ ರಿಪೇರಿ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಲಾಭ ಪಡೆಯುವವನು ದಾರಿಯ ತುದಿಯ ಮನೆಯವನು, ಮಣ್ಣು ಕಳೆದುಕೊಳ್ಳುವವನು ನಡುವಿನ ಗದ್ದೆಯವನು. ಇದೇ ಅಸಮಾಧಾನಕ್ಕೆ ಮೂಲ. ಆದ್ದರಿಂದ ಊರಿನವರು ಕೂತು ಒಂದು ಏರ್ಪಾಡು ಮಾಡಿಕೊಳ್ಳಿ. ವಸತಿ, ಜೀಪಿನಿಂದ ಬಂದ ಹಣದಲ್ಲಿ ತಲೆಗೆ ಇಷ್ಟೆಂದು ದಾರಿಯ ಬಾಬ್ತು ತೆಗೆದಿಡಿ. ಅದರಲ್ಲಿ ಮೇ ತಿಂಗಳ ರಿಪೇರಿ ನಡೆಯಲಿ, ಮಣ್ಣು ನುಗ್ಗಿದ ಗದ್ದೆಯವನ ಬಸಿಗಾಲುವೆಯನ್ನೂ ಅದರಿಂದಲೇ ತೆಗೆಸಿ. ಜೋರು ಮಳೆಯ ವಾರಗಳಲ್ಲಿ ದಾರಿಗೆ ರಜೆ ಕೊಡಿ. ಒದ್ದೆ ನೆಲದ ಮೇಲೆ ಸೈಕಲ್ ಚಕ್ರ ಎಳೆದ ಗೆರೆ ಮರುದಿನ ನೀರಿನ ಕಾಲುವೆ. ಕಟ್ಟಿನಹೊಳೆಯ ಕಡೆಯಿಂದ ಕೊಡಚಾದ್ರಿಗೆ ಜೀಪು ಹತ್ತುವ ದಾರಿಯನ್ನು ಕಂಡವರಿಗೆ ಚಕ್ರ ನೆಲವನ್ನು ಏನು ಮಾಡುತ್ತದೆಂದು ವಿವರಿಸಬೇಕಾಗಿಲ್ಲ.

ಈ ಭಾನುವಾರವೇ ಒಂದು ಕೆಲಸ ಮಾಡಿ. ಊರಿನ ನಾಲ್ವರು ಸೇರಿ, ಕೈಯಲ್ಲಿ ಹಗ್ಗ ಮತ್ತು ಅಳತೆಯ ಕೋಲು ಹಿಡಿದು, ನಿಮ್ಮ ಕಾಲುದಾರಿಯನ್ನು ಬುಡದಿಂದ ತುದಿಯವರೆಗೆ ನಡೆಯಿರಿ. ಎಲ್ಲೆಲ್ಲಿ ಎಷ್ಟು ಕೊರೆದಿದೆ, ನೀರು ಎಲ್ಲಿ ದಾರಿಗೆ ಇಳಿಯುತ್ತದೆ, ತಡಮೆ ಎಲ್ಲಿ ಬೇಕು ಎಂದು ಬರೆದುಕೊಂಡು ಬನ್ನಿ. ಬದು ಹಾಕುವುದು, ಲಾವಂಚದ ಸಸಿ ಇವುಗಳ ಬಗ್ಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹಾರೆ, ಗುದ್ದಲಿ, ಬುಟ್ಟಿ ನಿಮ್ಮ ಮನೆಯಲ್ಲೇ ಇವೆ. ಮಳೆ ಬರುವ ಮೊದಲು ಅವನ್ನು ಹೊರಗೆ ತೆಗೆಯಿರಿ.